ಬ್ರಾನ್ಸನ್ ಅಂದ್ರೆ ಬರೀ ಗುಂಡಿನ ಸದ್ದಾ?

ಪ್ರಶ್ನೆ: ನಮ್ಮ ತಂದೆ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷ್ ಫೈಟಿಂಗ್ ಸಿನಿಮಾ ಒಂದನ್ನೂ ಬಿಡುತ್ತಿರಲಿಲ್ಲವಂತೆ. ಅವರ ಮೆಚ್ಚಿನ ನಟ ಚಾರ್ಲ್ಸ್ ಬ್ರಾನ್ಸನ್. ಆತ ತೀರಿಕೊಂಡಾಗ ಪೇಪರಿನಲ್ಲಿ ಬಂದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಅಪ್ಪ ಈಗಿಲ್ಲ. ಆ ತುಣುಕು ಈಚೆಗೆ ಅವರ ಪೆಟ್ಟಿಗೆಯಲ್ಲಿ ಸಿಕ್ಕಿತು. ಕುತೂಹಲಕ್ಕೆ ‘ಡೆತ್ ವಿಶ್ 3’ ನೋಡಿದೆ. ಮುಖದಲ್ಲಿ ಒಂದೇ ಭಾವ, ಕೈಯಲ್ಲಿ ದೊಡ್ಡ ಪಿಸ್ತೂಲು, ಸಾಲುಸಾಲು ಹೆಣ. ಅಪ್ಪ ಅಷ್ಟೊಂದು ಹಚ್ಚಿಕೊಂಡಿದ್ದು ಇದನ್ನಾ? ಈತ ನಿಜಕ್ಕೂ ನಟನಾ? ನೋಡುವುದಾದರೆ ಯಾವ ಸಿನಿಮಾ ನೋಡಬೇಕು?

ಉತ್ತರ: ನೀವು ಶುರು ಮಾಡಿದ್ದೇ ಬಾಲದ ಕಡೆಯಿಂದ. ‘ಡೆತ್ ವಿಶ್ 3’ ಬಂದದ್ದು 1985ರಲ್ಲಿ. ಅದರ ಚಿತ್ರೀಕರಣದ ಹೊತ್ತಿಗೆ ಬ್ರಾನ್ಸನ್‌ಗೆ 63 ವರ್ಷ. ನ್ಯೂಯಾರ್ಕಿನ ಕಥೆ ಅಂತ ಹೇಳಿ ಬಹುಪಾಲು ಲಂಡನ್ನಿನಲ್ಲಿ ತೆಗೆದ ಸಿನಿಮಾ ಅದು. ಆತನ ಹೆಸರಿಗೆ ಇನ್ನೂ ಟಿಕೆಟ್ ಹೋಗುತ್ತಿತ್ತು. ನಿರ್ಮಾಪಕರು ಅದನ್ನು ಬಳಸಿಕೊಂಡರು, ಆತನೂ ಸಂಭಾವನೆ ತೆಗೆದುಕೊಂಡು ಒಪ್ಪಿಸಿದ ಕೆಲಸ ಮುಗಿಸಿದ. ಅದನ್ನು ನಾನು ವಹಿಸಿಕೊಂಡು ಮಾತಾಡುವುದಿಲ್ಲ. ನಿಮ್ಮ ತಂದೆ ಎಪ್ಪತ್ತರ ದಶಕದಲ್ಲಿ ಕಂಡ ಬ್ರಾನ್ಸನ್ ಬೇರೆ. ಆ ಬ್ರಾನ್ಸನ್ ಗುಂಡು ಹಾರಿಸುವುದಕ್ಕಿಂತ ಜಾಸ್ತಿ ಹೊತ್ತು ಸುಮ್ಮನೆ ನಿಂತಿರುತ್ತಿದ್ದ. ಆತನ ನಟನೆ ಇದ್ದದ್ದು ಆ ನಿಲುವಿನಲ್ಲಿ.

ಮುಖದಲ್ಲಿ ಒಂದೇ ಭಾವ ಅಂತ ಬರೆದಿದ್ದೀರಿ. ಅರ್ಧ ನಿಜ. ಆತನ ವ್ಯಾಪ್ತಿ ದೊಡ್ಡದಲ್ಲ. ಪ್ರೇಮದ ದೃಶ್ಯಗಳಲ್ಲಿ ಪೇಚಾಡುತ್ತಾನೆ. ಉದ್ದ ಸಂಭಾಷಣೆ ಕೊಟ್ಟರೆ ಸಪ್ಪೆಯಾಗುತ್ತಾನೆ. ಆದರೆ ಕೈಗೆ ಏನಾದರೂ ಕೆಲಸ ಕೊಟ್ಟು ನೋಡಿ. ಸೌದೆ ಒಡೆಯುವುದು, ಮಣ್ಣು ಅಗೆಯುವುದು, ಒಂದು ಕಡೆ ನಿಂತು ಕಾಯುವುದು. ಇಂಥದ್ದರಲ್ಲಿ ಆತನಷ್ಟು ನಂಬಿಕೆ ಹುಟ್ಟಿಸುವ ನಟರು ಹಾಲಿವುಡ್ಡಿನಲ್ಲಿ ತುಂಬ ಕಡಿಮೆ.

ಇದಕ್ಕೆ ಕಾರಣ ಆತ ಬೆಳೆದ ಊರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಹ್ರೆನ್‌ಫೆಲ್ಡ್ ಅಂತ ಒಂದು ಕಲ್ಲಿದ್ದಲು ಗಣಿಯ ಊರಿದೆ. ಅಲ್ಲಿ 1921ರ ನವೆಂಬರ್ 3ರಂದು ಹುಟ್ಟಿದ. ಲಿಥುವೇನಿಯಾದಿಂದ ವಲಸೆ ಬಂದ ಕುಟುಂಬ. ನಿಜವಾದ ಹೆಸರು ಚಾರ್ಲ್ಸ್ ಬುಚಿನ್ಸ್ಕಿ. ಮನೆಯಲ್ಲಿ 15 ಮಕ್ಕಳು. ಈತ ಇನ್ನೂ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಮುಂದೆ ಈತನೂ ಗಣಿಗೆ ಇಳಿದ. ಒಂದು ಟನ್ ಕಲ್ಲಿದ್ದಲು ಅಗೆದು ಹಾಕಿದರೆ ಒಂದು ಡಾಲರ್ ಕೂಲಿ. ಹಾಕಿಕೊಳ್ಳಲು ಬಟ್ಟೆಯಿಲ್ಲದೆ ಅಕ್ಕನ ಉಡುಪು ತೊಟ್ಟು ಶಾಲೆಗೆ ಹೋಗಿದ್ದನ್ನು ಮುಂದೆ ಆತನೇ ಹೇಳಿಕೊಂಡಿದ್ದಾನೆ. ಎರಡನೇ ಮಹಾಯುದ್ಧ ಬಂದಾಗ ಸೈನ್ಯ ಸೇರಿದ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಿಂದ ಹಾರುತ್ತಿದ್ದ ಬಿ-29 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿದ್ದ. ಗಾಯಗೊಂಡ ಸೈನಿಕರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಆತನಿಗೂ ಬಂತು.

ಹಾಗಾಗಿ ತೆರೆಯ ಮೇಲೆ ಗಟ್ಟಿ ಆಳಾಗಲು ಆತ ಜಿಮ್ಮಿಗೆ ಹೋಗಿ ಬರಬೇಕಾಗಿರಲಿಲ್ಲ. ಆ ಹೆಗಲು, ಆ ಕತ್ತು ಗಣಿಯಲ್ಲೇ ತಯಾರಾಗಿತ್ತು. ಯುದ್ಧ ಮುಗಿದ ಮೇಲೆ ನಾಟಕ ತಂಡ ಸೇರಿ ಸೀನರಿ ಬರೆಯುವ ಕೆಲಸ ಮಾಡಿದ. ಆಮೇಲೆ ಕ್ಯಾಲಿಫೋರ್ನಿಯಾದ ಪಸಡೀನಾ ಪ್ಲೇಹೌಸ್‌ನಲ್ಲಿ ನಟನೆ ಕಲಿತ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದ್ರೆ, ಬೀದಿಯಿಂದ ಎತ್ತಿಕೊಂಡು ಬಂದು ಕ್ಯಾಮೆರಾ ಮುಂದೆ ನಿಲ್ಲಿಸಿದ ರೌಡಿ ಮುಖ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಕಲಿತು ಬಂದ ನಟ.

ಮೊದಮೊದಲು ಚಿಲ್ಲರೆ ಪಾತ್ರಗಳೇ ಜಾಸ್ತಿ. 1952ರ ‘ಪ್ಯಾಟ್ ಅಂಡ್ ಮೈಕ್’ ಸಿನಿಮಾದಲ್ಲಿ ನಾಯಕಿ ಕ್ಯಾಥರೀನ್ ಹೆಪ್‌ಬರ್ನ್ ಕೈಯಲ್ಲಿ ಚೆನ್ನಾಗಿ ಒದೆ ತಿನ್ನುತ್ತಾನೆ. ನೋಡಿದರೆ ನಗು ಬರುತ್ತದೆ. ಮರುವರ್ಷ ಬಂದ ‘ಹೌಸ್ ಆಫ್ ವ್ಯಾಕ್ಸ್’ನಲ್ಲಿ ವಿಲನ್‌ನ ಮೂಗ ಸಹಾಯಕನ ಪಾತ್ರ. ಒಂದೇ ಒಂದು ಮಾತಿಲ್ಲ. ಬರೀ ನಿಂತು ದಿಟ್ಟಿಸುತ್ತಾನೆ, ಅಷ್ಟಕ್ಕೇ ಮೈ ಜುಂ ಅನ್ನುತ್ತದೆ. ಮುಂದಿನ ಬ್ರಾನ್ಸನ್ ಎಲ್ಲಿಂದ ಬಂದ ಅಂತ ಕೇಳಿದರೆ ನಾನು ಈ ಮೂಗನನ್ನು ತೋರಿಸುತ್ತೇನೆ. 1954ರಲ್ಲಿ ಹೆಸರು ಬದಲಾಯಿತು. ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಬೇಟೆಯಾಡುತ್ತಿದ್ದ ಕಾಲ ಅದು. ಪೂರ್ವ ಯುರೋಪಿನ ವಾಸನೆಯ ಹೆಸರಿದ್ದರೆ ಕೆಲಸ ಸಿಗುವುದು ಕಷ್ಟ ಅನ್ನಿಸಿ ಬುಚಿನ್ಸ್ಕಿ ಹೋಗಿ ಬ್ರಾನ್ಸನ್ ಆದ.

ಆತನನ್ನು ಜನ ಗುರುತು ಹಿಡಿದದ್ದು 1960ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ನಲ್ಲಿ. ಡಕಾಯಿತರಿಂದ ಹಳ್ಳಿಯನ್ನು ಕಾಪಾಡಲು ಏಳು ಮಂದಿ ಬಾಡಿಗೆ ಬಂದೂಕಿನವರು ಬರುವ ಕಥೆ. ಜಪಾನಿನ ನಿರ್ದೇಶಕ ಕುರೊಸಾವಾನ ಸಿನಿಮಾದಿಂದ ತೆಗೆದುಕೊಂಡದ್ದು. ಇಲ್ಲಿ ಬ್ರಾನ್ಸನ್ ಪಾತ್ರಕ್ಕೆ ಬರ್ನಾರ್ಡೊ ಓ'ರೈಲಿ ಅಂತ ಹೆಸರು. ಮೊದಲ ಸಲ ಕಾಣಿಸುವಾಗ ಸೌದೆ ಒಡೆಯುತ್ತಿರುತ್ತಾನೆ. ಹಳ್ಳಿಯ ಮೂವರು ಪುಟ್ಟ ಹುಡುಗರು ಆತನ ಹಿಂದೆ ಬೀಳುತ್ತಾರೆ. ಒಬ್ಬ ಹುಡುಗ ನಮ್ಮಪ್ಪಂದಿರು ಹೇಡಿಗಳು ಅನ್ನುತ್ತಾನೆ. ಬರ್ನಾರ್ಡೊ ಆ ಹುಡುಗನನ್ನು ಹಿಡಿದು ಬಾರಿಸುತ್ತಾನೆ. ಆಮೇಲೆ ಹೇಳುತ್ತಾನೆ: ಬಂದೂಕು ಹಿಡಿಯುವುದು ಧೈರ್ಯವಲ್ಲ, ಹೆಂಡತಿ ಮಕ್ಕಳ ಭಾರ ಹೊತ್ತು ದಿನಾ ಹೊಲದಲ್ಲಿ ದುಡಿಯುವುದಿದೆಯಲ್ಲ, ಅಷ್ಟು ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಮಾತಿನ ಭಾವಾರ್ಥ ಇದು. ಬೇರೆ ನಟ ಹೇಳಿದ್ದರೆ ಉಪದೇಶ ಅನ್ನಿಸುತ್ತಿತ್ತು. ಗಣಿಯ ಊರಿನಲ್ಲಿ ಅಪ್ಪನನ್ನು ಕಳೆದುಕೊಂಡವನು ಹೇಳಿದಾಗ ಹಾಗನ್ನಿಸುವುದಿಲ್ಲ. ಕೊನೆಯಲ್ಲಿ ಆ ಮಕ್ಕಳನ್ನು ಉಳಿಸಲು ಹೋಗಿಯೇ ಸಾಯುತ್ತಾನೆ.

ಈ ಕಥೆಯ ಎಳೆ ನಮ್ಮ ಊರಿನವರೆಗೂ ಬಂದಿದೆ, ಗೊತ್ತಿರಬಹುದು. ಹಳ್ಳಿ, ಡಕಾಯಿತರು, ದುಡ್ಡು ಕೊಟ್ಟು ಕರೆಸಿಕೊಂಡ ಬಂದೂಕಿನವರು: 1975ರ ‘ಶೋಲೆ’ ಇದೇ ಹಂದರ ಹಿಡಿದು ನಮ್ಮ ರಾಮನಗರದ ಬಂಡೆಗಳ ನಡುವೆ ಎದ್ದು ನಿಂತ ಸಿನಿಮಾ. ಅದರಲ್ಲಿ ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲುವ ದೃಶ್ಯವಿದೆಯಲ್ಲ, ಅದು ಬ್ರಾನ್ಸನ್ ನಟಿಸಿದ ಇನ್ನೊಂದು ಸಿನಿಮಾದಿಂದ ಬಂದದ್ದು. ಅದರ ವಿಚಾರ ಮುಂದೆ ಹೇಳುತ್ತೇನೆ.

1963ರ ‘ದಿ ಗ್ರೇಟ್ ಎಸ್ಕೇಪ್’ನಲ್ಲಿ ಆತನದು ಡ್ಯಾನಿ ಅನ್ನುವ ಪೋಲೆಂಡಿನ ಸೈನಿಕನ ಪಾತ್ರ. ಜರ್ಮನ್ ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಸುರಂಗ ತೋಡುವವನು. ಸುರಂಗದ ರಾಜ ಅಂತಲೇ ಅಡ್ಡಹೆಸರು. ಆದರೆ ಆತನಿಗೆ ಇಕ್ಕಟ್ಟಿನ ಜಾಗ ಅಂದ್ರೆ ಜೀವ ಹೋಗುವಷ್ಟು ಹೆದರಿಕೆ. ಮಣ್ಣು ಕುಸಿದು ಮೇಲೆ ಬಿದ್ದಾಗ ಆ ದೊಡ್ಡ ದೇಹ ನಡುಗುವುದನ್ನು ನೋಡಬೇಕು. ಸ್ಟೀವ್ ಮೆಕ್ವೀನ್ ಮೋಟಾರ್ ಸೈಕಲ್ ಹತ್ತಿ ಬೇಲಿ ಹಾರುವ ದೃಶ್ಯವನ್ನೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಆ ಸಿನಿಮಾ ಅಂದ್ರೆ ಬ್ರಾನ್ಸನ್‌ನ ಆ ಹೆದರಿಕೆ. ನಿಮ್ಮ ಪ್ರಶ್ನೆಗೆ ಒಂದೇ ದೃಶ್ಯದಲ್ಲಿ ಉತ್ತರ ಕೊಡು ಅಂದರೆ ಇದನ್ನೇ ಕೊಡುತ್ತೇನೆ. ಈತ ಹೆದರಿದರೆ ನಾವೂ ಹೆದರುತ್ತೇವೆ.

ಇಷ್ಟಾದರೂ ಅಮೆರಿಕ ಆತನನ್ನು ನಾಯಕ ಅಂತ ಒಪ್ಪಿರಲಿಲ್ಲ. ‘ದಿ ಡರ್ಟಿ ಡಜನ್’ನಂಥ ದೊಡ್ಡ ಸಿನಿಮಾದಲ್ಲೂ ಗುಂಪಿನಲ್ಲಿ ಒಬ್ಬ, ಅಷ್ಟೇ. ನಾಯಕನ ಪಟ್ಟ ಕಟ್ಟಿದ್ದು ಯುರೋಪು, ಅದೂ ನಲವತ್ತೇಳರ ಹತ್ತಿರ ಬಂದಾಗ. ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ಮೊದಲೇ ಈತನನ್ನು ಕೇಳಿದ್ದ. ಬ್ರಾನ್ಸನ್ ಒಲ್ಲೆ ಅಂದ ಪಾತ್ರ ಕ್ಲಿಂಟ್ ಈಸ್ಟ್‌ವುಡ್‌ಗೆ ಹೋಯಿತು, ಈಸ್ಟ್‌ವುಡ್ ಸ್ಟಾರ್ ಆದ. ಲಿಯೋನೆ ಬಿಡಲಿಲ್ಲ. 1968ರಲ್ಲಿ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ಗೆ ಒಪ್ಪಿಸಿದ.

ಈ ಸಿನಿಮಾದ ಮೊದಲ ದೃಶ್ಯವನ್ನು ನಿಮಗೆ ಬಿಡಿಸಿ ಹೇಳಲೇಬೇಕು. ಮರುಭೂಮಿಯ ನಡುವೆ ಒಂದು ಹಾಳು ರೈಲು ನಿಲ್ದಾಣ. ಮೂವರು ಕೊಲೆಗಡುಕರು ರೈಲಿಗೆ ಕಾಯುತ್ತಿದ್ದಾರೆ. ಹತ್ತು ನಿಮಿಷ ಹೆಚ್ಚುಕಮ್ಮಿ ಮಾತೇ ಇಲ್ಲ. ಗಾಳಿಯಂತ್ರ ಕಿರುಗುಟ್ಟುತ್ತದೆ. ಒಬ್ಬನ ಹ್ಯಾಟಿನ ಮೇಲೆ ತೊಟ್ಟು ತೊಟ್ಟು ನೀರು ಬೀಳುತ್ತದೆ. ಇನ್ನೊಬ್ಬನ ಮುಖದ ಮೇಲೆ ನೊಣ ಕೂರುತ್ತದೆ. ರೈಲು ಬರುತ್ತದೆ, ಯಾರೂ ಇಳಿದ ಹಾಗೆ ಕಾಣುವುದಿಲ್ಲ. ಮೂವರೂ ಹೊರಡಲು ತಿರುಗುತ್ತಾರೆ. ಆಗ ಹಿಂದಿನಿಂದ ಮೌತ್ ಆರ್ಗನ್ ಸದ್ದು. ರೈಲು ಸರಿದು ಹೋದ ಮೇಲೆ ಹಳಿಯ ಆಚೆ ಬ್ರಾನ್ಸನ್ ನಿಂತಿದ್ದಾನೆ. ನನಗೊಂದು ಕುದುರೆ ತಂದಿದ್ದೀರಾ ಅಂತ ಕೇಳುತ್ತಾನೆ. ಒಂದು ಕಡಿಮೆ ಬಿದ್ದ ಹಾಗಿದೆ ಅಂತ ಅವರು ನಗುತ್ತಾರೆ. ಈತ ನಿಧಾನಕ್ಕೆ ತಲೆ ಆಡಿಸಿ, ಇಲ್ಲ, ಎರಡು ಜಾಸ್ತಿ ಇವೆ ಅನ್ನುತ್ತಾನೆ. ಗುಂಡಿನ ಕಾಳಗ ಮುಗಿಯಲು ಕೆಲವೇ ಕ್ಷಣ ಸಾಕು. ಕಾಯಿಸಿದ್ದಕ್ಕೇ ಅದರ ಬೆಲೆ.

ಇಡೀ ಸಿನಿಮಾದಲ್ಲಿ ಈತನಿಗೆ ಹೆಸರೇ ಇಲ್ಲ. ಹಾರ್ಮೋನಿಕಾ (ಅಂದ್ರೆ ಮೌತ್ ಆರ್ಗನ್) ಅಂತ ಕರೆಯುತ್ತಾರೆ, ಅಷ್ಟೇ. ಎಲ್ಲಿಂದ ಬಂದ, ಯಾಕೆ ಬಂದ ಅಂತ ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಎದುರಿಗೆ ಖಳನಾಗಿ ಹೆನ್ರಿ ಫೋಂಡಾ. ಅಮೆರಿಕದ ಜನ ಸಜ್ಜನನ ಪಾತ್ರಗಳಲ್ಲೇ ಕಂಡಿದ್ದ ನಟನ ಕೈಯಲ್ಲಿ ಲಿಯೋನೆ ಒಂದು ಇಡೀ ಕುಟುಂಬವನ್ನು ಕೊಲ್ಲಿಸುತ್ತಾನೆ. ‘ಶೋಲೆ’ಯ ಠಾಕೂರನ ಮನೆಯ ದೃಶ್ಯ ಬಂದದ್ದು ಇಲ್ಲಿಂದ. ಮೆಟ್ಟಿಲ ಮೇಲೆ ಕೂತು ಮೌತ್ ಆರ್ಗನ್ ನುಡಿಸುವ ಜೈ ಕೂಡ ಈ ಹಾರ್ಮೋನಿಕಾನ ತಮ್ಮನ ಹಾಗೇ ಕಾಣುತ್ತಾನೆ ನನಗೆ. ಕೊನೆಯ ದ್ವಂದ್ವದಲ್ಲಿ ಲಿಯೋನೆ ಕ್ಯಾಮೆರಾವನ್ನು ಬ್ರಾನ್ಸನ್‌ನ ಕಣ್ಣಿನವರೆಗೂ ಒಯ್ಯುತ್ತಾನೆ. ತೆರೆ ತುಂಬ ಕಣ್ಣು, ಸುತ್ತಲಿನ ಸುಕ್ಕು, ಬಿಸಿಲು. ಆಗ ಹಳೆಯ ನೆನಪು ತೆರೆದುಕೊಂಡು ಗುಟ್ಟು ಬಯಲಾಗುತ್ತದೆ. ಆ ಗುಟ್ಟನ್ನು ನಾನು ಹೇಳುವುದಿಲ್ಲ, ನೀವೇ ನೋಡಿ. ಎನ್ನಿಯೊ ಮೊರಿಕೋನೆ ಸಂಗೀತವನ್ನು ಚಿತ್ರೀಕರಣಕ್ಕೆ ಮೊದಲೇ ಮಾಡಿಟ್ಟಿದ್ದ, ಸೆಟ್ಟಿನಲ್ಲಿ ಅದನ್ನು ಹಾಕಿಕೊಂಡೇ ನಟಿಸಿದರು. ಬ್ರಾನ್ಸನ್ ಅಷ್ಟು ನಿಧಾನವಾಗಿ, ಅಷ್ಟು ತಾಳಬದ್ಧವಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದಲ್ಲಿ ಈ ಸಿನಿಮಾ ಓಡಲಿಲ್ಲ. ಕತ್ತರಿ ಹಾಕಿ ಬಿಡುಗಡೆ ಮಾಡಿದರೂ ಓಡಲಿಲ್ಲ. ಫ್ರಾನ್ಸಿನಲ್ಲಿ ಮಾತ್ರ ಒಂದೂವರೆ ಕೋಟಿಯ ಹತ್ತಿರ ಟಿಕೆಟ್ ಹೋದವು. ಅಲ್ಲೇ ಆತ ಫ್ರೆಂಚ್ ನಟ ಅಲೆನ್ ಡೆಲೋನ್ ಜೊತೆ ನಟಿಸಿದ, 1970ರ ‘ರೈಡರ್ ಆನ್ ದಿ ರೇನ್’ನಲ್ಲಿ ಗೆದ್ದ. ಜಪಾನಿನವರ ಹುಚ್ಚಂತೂ ಕೇಳಲೇಬೇಡಿ. ಗಂಡಸರ ಸೌಂದರ್ಯವರ್ಧಕ ಮಾರುವ ಟಾಂಚೊ ಅನ್ನುವ ಕಂಪನಿ ‘ಮ್ಯಾಂಡಮ್’ ಎಂಬ ಬ್ರಾಂಡಿಗೆ 1970ರಲ್ಲಿ ಈತನನ್ನು ಹಾಕಿಕೊಂಡು ಜಾಹೀರಾತು ಮಾಡಿತು. ಅದು ಎಷ್ಟು ಗೆದ್ದಿತು ಅಂದ್ರೆ, ಮರುವರ್ಷ ಕಂಪನಿ ತನ್ನ ಹೆಸರನ್ನೇ ಮ್ಯಾಂಡಮ್ ಅಂತ ಬದಲಾಯಿಸಿಕೊಂಡಿತು. ಈಗಲೂ ಅದೇ ಹೆಸರಿದೆ. ನಿಮ್ಮ ತಂದೆ ಟಾಕೀಸಿನಲ್ಲಿ ನೋಡಿದ್ದು ಹೀಗೆ ಅಮೆರಿಕಕ್ಕಿಂತ ಮೊದಲು ಹೊರಗಿನ ಲೋಕ ಒಪ್ಪಿಕೊಂಡ ಹೀರೋನನ್ನು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಈತನ ಸಿನಿಮಾ ಅರ್ಥವಾಗುತ್ತಿತ್ತು. 1972ರ ‘ದಿ ಮೆಕ್ಯಾನಿಕ್’ನಲ್ಲಿ ಮೊದಲ ಹದಿನೈದು ನಿಮಿಷ ಸಂಭಾಷಣೆಯೇ ಇಲ್ಲ. ಒಬ್ಬ ಬಾಡಿಗೆ ಕೊಲೆಗಾರ ತನ್ನ ಕೆಲಸದ ತಯಾರಿ ಮಾಡಿಕೊಳ್ಳುವುದನ್ನು ಸುಮ್ನೆ ನೋಡುತ್ತಾ ಕೂರಬೇಕು. ಕೂರುತ್ತೀರಿ.

ಈಗ ‘ಡೆತ್ ವಿಶ್’. ಮೊದಲನೆಯದು 1974ರಲ್ಲಿ ಬಂತು. ಪಾಲ್ ಕೆರ್ಸಿ ನ್ಯೂಯಾರ್ಕಿನ ಒಬ್ಬ ಆರ್ಕಿಟೆಕ್ಟ್. ಮನೆಗೆ ನುಗ್ಗಿದ ಪುಂಡರು ಹೆಂಡತಿಯನ್ನು ಕೊಲ್ಲುತ್ತಾರೆ, ಮಗಳ ಮೇಲೆ ಅತ್ಯಾಚಾರ ಮಾಡುತ್ತಾರೆ. ಈತ ರಾತ್ರಿ ಹೊತ್ತು ಪಿಸ್ತೂಲು ಇಟ್ಟುಕೊಂಡು ಅಲೆಯುತ್ತಾ, ದರೋಡೆಗೆ ಬಂದವರನ್ನು ಕೊಲ್ಲಲು ಶುರು ಮಾಡುತ್ತಾನೆ. ಟಾಕೀಸಿನಲ್ಲಿ ಜನ ಚಪ್ಪಾಳೆ ಹೊಡೆದರು, ವಿಮರ್ಶಕರು ಉಗಿದರು. ಇದರ ಮೂಲ ಕಾದಂಬರಿ ಬರೆದ ಬ್ರಯನ್ ಗಾರ್‌ಫೀಲ್ಡ್‌ಗೂ ಸಿನಿಮಾ ಹಿಡಿಸಲಿಲ್ಲ. ಕಾನೂನು ಕೈಗೆತ್ತಿಕೊಂಡವನು ಹೇಗೆ ಹಾಳಾಗುತ್ತಾನೆ ಅನ್ನುವುದು ಆತನ ಕಥೆಯಾಗಿತ್ತು, ಸಿನಿಮಾ ಅವನನ್ನೇ ಹೀರೋ ಮಾಡಿತು. ಗಾರ್‌ಫೀಲ್ಡ್ ಸಿಟ್ಟು ಸರಿಯೇ ಇತ್ತು. ಹಾಗಿದ್ದರೂ ಆ ಮೊದಲ ಸಿನಿಮಾದಲ್ಲಿ ಎರಡು ಸಂಗತಿ ಗಮನಿಸಿ. ಮೊದಲ ಕೊಲೆ ಮಾಡಿದ ರಾತ್ರಿ ಕೆರ್ಸಿ ಮನೆಗೆ ಓಡಿಬಂದು ವಾಂತಿ ಮಾಡುತ್ತಾನೆ. ಇನ್ನೊಂದು, ತನ್ನ ಹೆಂಡತಿಯನ್ನು ಕೊಂದವರು ಆತನ ಕೈಗೆ ಕೊನೆಯವರೆಗೂ ಸಿಗುವುದೇ ಇಲ್ಲ. ಸೇಡು ತೀರುವುದಿಲ್ಲ, ಕೊಲ್ಲುವ ಚಟ ಮಾತ್ರ ಉಳಿಯುತ್ತದೆ. ನಾಲ್ಕು ಮುಂದುವರಿಕೆಗಳು ಬಂದವು, ಕೊನೆಯದು 1994ರಲ್ಲಿ. ಒಂದೊಂದಕ್ಕೂ ಆ ವಾಂತಿ ಮರೆತುಹೋಗುತ್ತಾ ಬಂತು, ಪಿಸ್ತೂಲು ದೊಡ್ಡದಾಗುತ್ತಾ ಹೋಯಿತು. ನೀವು ಕಂಡಿದ್ದು ಅಂಥದ್ದನ್ನು.

ನಮ್ಮಲ್ಲೂ ಇದರ ಗಾಳಿ ಬೀಸಿತು. 1984ರ ಹಿಂದಿ ಸಿನಿಮಾ ‘ಆಜ್ ಕಿ ಆವಾಜ್’ ಇದರ ನೆರಳಿನಲ್ಲೇ ಬಂತು. ಅದನ್ನು ಮರುವರ್ಷ ತಮಿಳಿನಲ್ಲಿ ರಜನಿಕಾಂತ್ ಮಾಡಿದರು. ಹಗಲು ಮರ್ಯಾದಸ್ಥ, ರಾತ್ರಿ ಬೇಟೆಗಾರ ಅನ್ನುವ ಆ ಹೀರೋ ನಮಗೆ ಈಗ ಎಷ್ಟು ಹಳಬ ಅಂದ್ರೆ, ಎಲ್ಲಿಂದ ಬಂದ ಅಂತ ಯಾರೂ ಕೇಳುವುದಿಲ್ಲ.

‘ಡೆತ್ ವಿಶ್’ ಬಂದ ವರ್ಷವೇ ಇನ್ನೊಂದು ಸಿನಿಮಾ ಬಂದಿತ್ತು, ‘ಮಿಸ್ಟರ್ ಮೆಜೆಸ್ಟಿಕ್’ ಅಂತ. ನಮ್ಮ ಕಡೆಯವರಿಗೆ ಇದು ಇಷ್ಟವಾಗಬೇಕು, ಯಾಕಂದ್ರೆ ಹೀರೋ ಕಲ್ಲಂಗಡಿ ಬೆಳೆಯುವ ರೈತ! ಹಿಂದೆ ಗೂಂಡಾಗಳು ಬಿದ್ದಿದ್ದಾರೆ, ಪೊಲೀಸರು ಬಿದ್ದಿದ್ದಾರೆ, ಆತನ ಚಿಂತೆ ಒಂದೇ: ಹಣ್ಣು ಕೊಯ್ಲಿಗೆ ಬಂದಿದೆ, ತಡವಾದರೆ ಹಾಳು. ಗೂಂಡಾಗಳು ಬಂದು ಆತ ಬೆಳೆದ ರಾಶಿ ರಾಶಿ ಹಣ್ಣಿಗೆ ಗುಂಡು ಹಾರಿಸುವ ದೃಶ್ಯ ಇದೆ. ಮನುಷ್ಯರು ಸತ್ತದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುತ್ತದೆ.

ಆದರೆ ಒಂದೇ ಸಿನಿಮಾ ನೋಡಲು ಸಮಯವಿದೆ ಅನ್ನುವುದಾದರೆ 1975ರ ‘ಹಾರ್ಡ್ ಟೈಮ್ಸ್’ ನೋಡಿ. ನಿರ್ದೇಶಕ ವಾಲ್ಟರ್ ಹಿಲ್‌ಗೆ ಅದು ಮೊದಲ ಸಿನಿಮಾ. 1930ರ ದಶಕದ ಆರ್ಥಿಕ ಕುಸಿತದ ಕಾಲ. ಚೇನಿ ಅನ್ನುವವನು ಗೂಡ್ಸ್ ರೈಲಿನಲ್ಲಿ ಬಂದು ಇಳಿಯುತ್ತಾನೆ. ಕೈಗವಸಿಲ್ಲದೆ, ಬರಿಗೈಯಲ್ಲಿ ಗುದ್ದಾಡುವ ಪಂದ್ಯಗಳಲ್ಲಿ ದುಡ್ಡಿಗಾಗಿ ಹೊಡೆದಾಡುತ್ತಾನೆ. ಜೇಮ್ಸ್ ಕೋಬರ್ನ್ ಆತನ ಬಾಯಿಬಡುಕ ಏಜೆಂಟ್. ಅವನು ಬಡಬಡಿಸುತ್ತಾನೆ, ಇವನು ಕೇಳಿಸಿಕೊಳ್ಳುತ್ತಾನೆ. ಅಂಗಿ ಬಿಚ್ಚಿದಾಗ ಐವತ್ತು ದಾಟಿದ ಆ ದೇಹ ಹುರಿ ಹಗ್ಗದ ಹಾಗಿದೆ. ಒಂದು ಏಟು ಕೊಡುವ ಮೊದಲು ಎದುರಾಳಿಯನ್ನು ಆತ ಅಳೆಯುವುದನ್ನು ನೋಡಿ. ಹೊಡೆದ ಮೇಲೆ ಖುಷಿ ಇಲ್ಲ, ಗೆದ್ದ ಮೇಲೆ ಕುಣಿತವಿಲ್ಲ. ಕೂಲಿ ಮುಗಿಯಿತು, ಲೆಕ್ಕ ಚುಕ್ತಾ ಮಾಡಿ ಅನ್ನುವ ಮುಖ. ಹೊರಡುವಾಗ ತಾನು ಸಾಕಿದ ಬೆಕ್ಕನ್ನು ನೋಡಿಕೊಳ್ಳಲು ದುಡ್ಡು ಕೊಟ್ಟು ಹೋಗುತ್ತಾನೆ. ಬ್ರಾನ್ಸನ್ ಮೇಲೆ ಯಾರಾದರೂ ಪುಸ್ತಕ ಬರೆಯದೆ ಸುಮ್ಮನೆ ಈ ಒಂದು ಸಿನಿಮಾ ತೋರಿಸಿದರೂ ಸಾಕು ಅನ್ನಿಸುತ್ತದೆ.

ಮನೆಯ ವಿಚಾರ ಎರಡೇ ಮಾತು. ಎರಡನೇ ಹೆಂಡತಿ, ನಟಿ ಜಿಲ್ ಐರ್ಲೆಂಡ್. 1968ರಲ್ಲಿ ಮದುವೆಯಾದರು, ಜೊತೆಯಾಗಿ ಸಾಲು ಸಾಲು ಸಿನಿಮಾ ಮಾಡಿದರು. ಆಕೆಗೆ ಸ್ತನ ಕ್ಯಾನ್ಸರ್ ಬಂತು. ಅದನ್ನು ಮುಚ್ಚಿಡದೆ ಪುಸ್ತಕ ಬರೆದ ಗಟ್ಟಿ ಹೆಂಗಸು. 1990ರಲ್ಲಿ ತೀರಿಕೊಂಡಳು. ಮರುವರ್ಷ ಶಾನ್ ಪೆನ್ ನಿರ್ದೇಶನದ ಮೊದಲ ಸಿನಿಮಾ ‘ದಿ ಇಂಡಿಯನ್ ರನ್ನರ್’ ಬಂತು. ಅದರಲ್ಲಿ ಬ್ರಾನ್ಸನ್‌ದು ಹೆಂಡತಿಯನ್ನು ಕಳೆದುಕೊಂಡು ಕುಗ್ಗಿಹೋದ ಮುದಿ ತಂದೆಯ ಸಣ್ಣ ಪಾತ್ರ. ಬಂದೂಕು ತೋರಿಸಿ ಯಾರನ್ನೂ ಹೆದರಿಸುವುದಿಲ್ಲ. ಮಗನಿಗೆ ಫೋನ್ ಮಾಡುತ್ತಾನೆ, ಹೇಳಬೇಕಾದ್ದನ್ನು ಹೇಳುವುದಿಲ್ಲ. ಈತ ನಟನಾ ಅಂತ ಕೇಳಿದಿರಲ್ಲ, ‘ಡೆತ್ ವಿಶ್ 3’ ನೋಡಿದ ಕಣ್ಣಿನಲ್ಲೇ ಇದನ್ನೊಮ್ಮೆ ನೋಡಿ.

ಕೊನೆಯ ವರ್ಷಗಳಲ್ಲಿ ಆಲ್ಝೈಮರ್ಸ್ ಕಾಡಿತು. 2003ರ ಆಗಸ್ಟ್ 30ರಂದು ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. 81 ವರ್ಷ. ಅವತ್ತಿನ ಬಹುಪಾಲು ಪತ್ರಿಕೆಗಳ ತಲೆಬರಹದಲ್ಲಿ ‘ಡೆತ್ ವಿಶ್’ ಇತ್ತು. ನಿಮ್ಮ ತಂದೆ ಇಟ್ಟುಕೊಂಡ ತುಣುಕಿನಲ್ಲೂ ಅದೇ ಇರಬಹುದು. ಆದರೆ ಅವರು ಅದನ್ನು ಕತ್ತರಿಸಿದ್ದು ಆ ಒಂದು ಸಿನಿಮಾಕ್ಕಾಗಿ ಅಂತ ನನಗನ್ನಿಸುವುದಿಲ್ಲ.

ನೋಡುವ ಕ್ರಮ ಕೇಳಿದಿರಿ. ಮೊದಲು ‘ಹಾರ್ಡ್ ಟೈಮ್ಸ್’, ಅದು ಒಂದೂವರೆ ಗಂಟೆಯ ಸಿನಿಮಾ. ಹಿಡಿಸಿದರೆ ‘ದಿ ಗ್ರೇಟ್ ಎಸ್ಕೇಪ್’. ಆಮೇಲೆ ಲಿಯೋನೆ ಸಿನಿಮಾ. ಅದರ ಕತ್ತರಿಸಿದ ಆವೃತ್ತಿ ಬೇಡ, ಎರಡು ಮುಕ್ಕಾಲು ಗಂಟೆಯದ್ದನ್ನೇ ಹುಡುಕಿ, ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ‘ಡೆತ್ ವಿಶ್’ ಮೊದಲನೆಯದನ್ನು ಕೊನೆಗೆ ಇಟ್ಟುಕೊಳ್ಳಿ, ಉಳಿದ ನಾಲ್ಕನ್ನು ಬಿಟ್ಟರೂ ನಷ್ಟವಿಲ್ಲ. ಹಾಂ, ಹುಡುಕುವಾಗ ‘ಬ್ರಾನ್ಸನ್’ ಅನ್ನುವ ಹೆಸರಿನದೇ ಒಂದು 2008ರ ಸಿನಿಮಾ ಸಿಗುತ್ತದೆ, ಟಾಮ್ ಹಾರ್ಡಿ ನಟಿಸಿದ್ದು. ಅದು ಈತನ ಜೀವನಚರಿತ್ರೆ ಅಲ್ಲ. ಈತನ ಹೆಸರನ್ನು ಇಟ್ಟುಕೊಂಡ ಬ್ರಿಟನ್ನಿನ ಒಬ್ಬ ಕೈದಿಯ ಕಥೆ.